ಅಟ್ಟದ ವಾದ, ಸ್ಕೂಟರಿನ ದಾರಿ: ಒಂದು ಹರಟೆ ಗುಂಪಿನ ಪ್ರಕರಣ

ಊರಿನ ಹೆಸರು ಹೇಳುವುದಿಲ್ಲ. ಸಾಗರಕ್ಕೂ ಹೊಸನಗರಕ್ಕೂ ನಡುವೆ ಎಲ್ಲೋ ಒಂದು ಸಣ್ಣ ಪೇಟೆ ಅಂದುಕೊಳ್ಳಿ, ಸಾಕು. ಜನರ ಹೆಸರೂ ಇಲ್ಲ, ಜಾತಿಯೂ ಇಲ್ಲ. ನಮ್ಮ ಕಡೆ ಜಾತಿ ಯಾವುದು, ತೋಟ ಎಷ್ಟು ಎಕರೆ, ಯಾರ ಮನೆಯ ಅಳಿಯ, ಈ ಮೂರು ಹೇಳಿದರೆ ಹೆಸರು ಹೇಳಿದ ಹಾಗೇ. ಕೆಲವು ವಿವರ ಬೇಕಂತಲೇ ಬದಲಿಸಿದ್ದೇನೆ. ಇದರಲ್ಲಿ ಮುಖ್ಯವಾಗಿ ಬರುವ ಇಬ್ಬರಲ್ಲಿ ಒಬ್ಬರು ಈಗ ಇಲ್ಲ, ಅವರ ಮನೆಯವರು ಬರೆಯಲು ಒಪ್ಪಿದ್ದಾರೆ. ಇನ್ನೊಬ್ಬರು ಪೂರ್ತಿ ಓದಿ, ಒಂದು ಕಡೆ ತಿದ್ದಿಸಿ, "ಹಾಕು" ಅಂದರು.

ಯಾಕೆ ಬರೆಯುತ್ತಿದ್ದೇನೆ ಅಂದರೆ, ಇಂಥ ವಾಟ್ಸಾಪ್ ಗುಂಪು ನಡೆಸುವವರು ಈಗ ಊರಿಗೊಬ್ಬರಾದರೂ ಇದ್ದಾರೆ. ಅಡ್ಮಿನ್ ಆಗುವುದು ಸುಲಭ, ಯಾರೋ ಒಂದು ದಿನ ಬಟನ್ ಒತ್ತಿ ಮಾಡಿಬಿಡುತ್ತಾರೆ. ಜಗಳ ಬಿದ್ದಾಗ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಾನು ಮಾಡಿದ ತಪ್ಪುಗಳೇ ಇದರಲ್ಲಿ ಜಾಸ್ತಿ ಇವೆ, ಮೊದಲೇ ಹೇಳಿಬಿಡುತ್ತೇನೆ.

ಅಟ್ಟದ ದಿನಗಳು

ಶುರುವಾಗಿದ್ದು 2006ರ ಮಳೆಗಾಲದಲ್ಲಿ. ಒಬ್ಬ ಅಡಿಕೆ ವ್ಯಾಪಾರಿಯ ಮಂಡಿ, ಅದರ ಅಟ್ಟ. ಕೆಳಗೆ ಚೀಲಗಳು, ಮೇಲೆ ನಾವು. ಶನಿವಾರ ಸಂಜೆ 6 ಗಂಟೆಗೆ ಸೇರುತ್ತಿದ್ದೆವು, ಒಟ್ಟು ಹನ್ನೊಂದು ಜನ: ತೋಟದವರು, ಇಬ್ಬರು ಮೇಷ್ಟ್ರು, ಔಷಧಿ ಅಂಗಡಿಯವರು, ಒಬ್ಬ ಪೋಸ್ಟ್‌ಮ್ಯಾನ್, ಜೆರಾಕ್ಸ್ ಅಂಗಡಿ ಇಟ್ಟ ನಾನು. ಕಷಾಯ, ಹಲಸಿನ ಹಪ್ಪಳ. ಇಂಥದ್ದೇ ವಿಷಯ ಅಂತ ಇರಲಿಲ್ಲ. ಕೊಳೆರೋಗಕ್ಕೆ ಮದ್ದು ಹೊಡೆಯುವುದು ಒಳ್ಳೆಯದೋ ಹಳೆ ಕಾಲದ ಹಾಗೆ ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದೋ ಅಂತ ಶುರುವಾದ ಮಾತು ದೇವರು ಇದ್ದಾನೋ ಇಲ್ಲವೋ ಅನ್ನುವಲ್ಲಿಗೆ ಹೋಗಿ ನಿಲ್ಲುತ್ತಿತ್ತು. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ ಸೀಮೆ ಇದು. ವಾದ ಮಾಡದೆ ಊಟ ಇಳಿಯದವರು ಇಲ್ಲಿ ಬಹಳ ಜನ.

ಹೈಸ್ಕೂಲಿನ ಮೇಷ್ಟ್ರೊಬ್ಬರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಅವರನ್ನೇ ಇಲ್ಲಿ ಮೇಷ್ಟ್ರು ಅಂತ ಕರೆಯುತ್ತೇನೆ. ಗೊತ್ತಿಲ್ಲದವರಿಗೆ: ತಾಳಮದ್ದಳೆ ಅಂದರೆ ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಹೊಡೆದಾಡುತ್ತಾರೆ. ರಾತ್ರಿಯೆಲ್ಲ ಕೃಷ್ಣ ಕೌರವ ಆಗಿ ಒಬ್ಬರ ಮಾನ ಒಬ್ಬರು ತೆಗೆದವರು ಬೆಳಿಗ್ಗೆ ಒಂದೇ ಪಂಕ್ತಿಯಲ್ಲಿ ಉಪ್ಪಿಟ್ಟು ತಿನ್ನುತ್ತಾರೆ. ಮೇಷ್ಟ್ರು ಅಲ್ಲಿಂದ ಒಂದು ನಿಯಮ ತಂದರು. ಎದುರಿನವನ ಮಾತನ್ನು ಮೊದಲು ನೀನು ಹೇಳು, ಅವನೇ "ಹೌದು, ಇದೇ ನನ್ನ ಮಾತು" ಅನ್ನಬೇಕು, ಆಮೇಲೆ ನಿನ್ನದು. ಈ ನಿಯಮದಿಂದ ಮೊದಲೆರಡು ತಿಂಗಳು ಅರ್ಧ ವಾದಗಳು ಶುರುವೇ ಆಗಲಿಲ್ಲ. ಎದುರಿನವನ ಮಾತು ಸರಿಯಾಗಿ ಹೇಳಲು ಯಾರಿಗೂ ಬರುತ್ತಿರಲಿಲ್ಲ!

ಇನ್ನೊಬ್ಬರು ತೋಟದವರು. ಗುಂಪಿನಲ್ಲಿ ಅರ್ಧ ಜನ ಅವರನ್ನು ಭಾವ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಹಳೆಯ ತೋಟ, ಕಾಗದಪತ್ರ ಎಲ್ಲ ಸರಿ ಇದೆ, ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ. ಓದು ಜಾಸ್ತಿ, ಬಾಯಿ ಅದಕ್ಕಿಂತ ಜಾಸ್ತಿ. ಮೇಷ್ಟ್ರಿಗಿಂತ ಏಳು ವರ್ಷ ಚಿಕ್ಕವರು, ಹುಟ್ಟಿದ್ದು ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರಲ್ಲಿ. ಮೇಷ್ಟ್ರ ಕುಟುಂಬ ಅದೇ ಅಣೆಕಟ್ಟಿನ ನೀರಿಗೆ ಊರು ಬಿಟ್ಟದ್ದು. ಆರು ವರ್ಷದ ಹುಡುಗ, ಲಾರಿಯ ಮೇಲೆ ಹಂಡೆಯೊಳಗೆ ಕೂತು ಬಂದಿದ್ದರಂತೆ. ಸರ್ಕಾರ ತೋರಿಸಿದ ಜಾಗ ಕಾಗದದಲ್ಲಿ ಕಾಡು. ಆ ಜಾಗಕ್ಕೆ ಹಕ್ಕುಪತ್ರ ಸಿಗದೆ ಅಲೆಯುವ ಶರಾವತಿ ಮುಳುಗಡೆಯವರು ಇವತ್ತಿಗೂ ಎಷ್ಟೋ ಜನ ಇದ್ದಾರೆ. ಮೇಷ್ಟ್ರ ಮನೆಯೂ ಅದರಲ್ಲಿ ಒಂದು.

ಈ ಇಬ್ಬರೂ ಒಂದೇ ದಾರಿಯವರು. ಪೇಟೆಯಿಂದ 9 ಕಿಲೋಮೀಟರ್. ರಾತ್ರಿ ಬಸ್ ಇಲ್ಲ. ಭಾವನ ಚೇತಕ್ ಸ್ಕೂಟರಿನಲ್ಲಿ ಮೇಷ್ಟ್ರು ಹಿಂದೆ ಕೂರಬೇಕು, ಬೇರೆ ದಾರಿಯೇ ಇರಲಿಲ್ಲ. ಅಟ್ಟದಲ್ಲಿ ಎಷ್ಟು ಕಿತ್ತಾಡಿದರೂ 8 ಗಂಟೆಗೆ ಒಬ್ಬರು ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರು, ಇನ್ನೊಬ್ಬರು ಪಂಚೆ ಎತ್ತಿ ಕಟ್ಟಿ ಹಿಂದೆ ಕೂತು ಟಾರ್ಚ್ ಹಿಡಿಯುತ್ತಿದ್ದರು, ಯಾಕೆಂದರೆ ಆ ಸ್ಕೂಟರಿನ ಹೆಡ್‌ಲೈಟು ಮಳೆಗಾಲದಲ್ಲಿ ಕೆಲಸ ಮಾಡಿದ್ದನ್ನು ಯಾರೂ ಕಂಡಿಲ್ಲ. ಒಮ್ಮೆ, 2012ರಲ್ಲಿ ಇರಬೇಕು, ಪಶ್ಚಿಮಘಟ್ಟ ಉಳಿಸುವ ಬಗ್ಗೆ ಗಾಡ್ಗೀಳ್ ವರದಿ ಹೊರಗೆ ಬಂದ ಹೊಸದರಲ್ಲಿ, ಭಾವ ಏನೋ ಅಂದರು, ಮೇಷ್ಟ್ರು ಕೈಯಲ್ಲಿದ್ದ ಹಪ್ಪಳವನ್ನು ಅವರ ಮುಖಕ್ಕೆ ಎಸೆದರು. ಅಟ್ಟ ಪೂರ್ತಿ ಸುಮ್ಮನಾಯಿತು. ಆವತ್ತೂ ಒಟ್ಟಿಗೇ ಮನೆಗೆ ಹೋದರು. ದಾರಿಯಲ್ಲಿ ಏನು ಮಾತಾಡಿದಿರಿ ಅಂತ ಮುಂದಿನ ವಾರ ಕೇಳಿದರೆ, ಭಾವ ಹೇಳಿದ್ದು: "ಏನಿಲ್ಲ ಮಾರಾಯ, ಮೂರನೇ ತಿರುವಲ್ಲಿ ಮರ ಬಿದ್ದಿತ್ತು. ಇಬ್ಬರೂ ಸೇರಿ ಸರಿಸಿದ್ವಿ."

ಈ ಸ್ಕೂಟರನ್ನು ನೆನಪಿಟ್ಟುಕೊಳ್ಳಿ.

ಫೋನಿಗೆ ಬಂದದ್ದು

2014ರಲ್ಲಿ ಮಂಡಿ ಮುಚ್ಚಿತು. ವ್ಯಾಪಾರಿಯ ಮಕ್ಕಳು ಕಟ್ಟಡ ಮಾರಿದರು. ಅಷ್ಟರಲ್ಲಿ ಹನ್ನೊಂದರಲ್ಲಿ ಇಬ್ಬರು ಬೆಂಗಳೂರಿಗೆ, ಒಬ್ಬರು ಶಿವಮೊಗ್ಗಕ್ಕೆ ಮಕ್ಕಳ ಮನೆಗೆ ಹೋಗಿದ್ದರು. ನಾನು ವಾಟ್ಸಾಪ್ ಗುಂಪು ಮಾಡಿದೆ. ಬೇರೆ ಜಾಗ ಸಿಗುವವರೆಗೆ ಅಂತ ಮಾಡಿದ್ದು. ಬೇರೆ ಜಾಗ ಹುಡುಕಲೇ ಇಲ್ಲ.

ಮೊದಲ ವರ್ಷಗಳು ಚೆನ್ನಾಗಿದ್ದವು, ಸುಳ್ಳು ಹೇಳಬಾರದು. ಮೇಷ್ಟ್ರು 1998ರಿಂದ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ 8:30ಕ್ಕೆ ಅಳತೆ ಬರೆಯುತ್ತಿದ್ದರು. ಹವಾಮಾನ ಇಲಾಖೆಯ ದಿನ ಶುರುವಾಗುವುದೂ ಅದೇ ಹೊತ್ತಿಗೆ ಅಂತ ಅವರಿಗೆ ಬಹಳ ಹೆಮ್ಮೆ. ಅದನ್ನು ಗುಂಪಿಗೆ ಹಾಕತೊಡಗಿದರು. ಮಳೆ ಲೆಕ್ಕ ನೋಡಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಗೊತ್ತು ಮಾಡುವವರು ಇದ್ದರು. ಲಿಂಗನಮಕ್ಕಿ ತುಂಬುವ ಮಟ್ಟ 1819 ಅಡಿಗೆ ಎಷ್ಟು ಬಾಕಿ ಅಂತ ಪಂಥ ಕಟ್ಟುವವರೂ ಇದ್ದರು. 2018ರ ಕೊನೆಯಲ್ಲಿ ಅರಳಗೋಡು ಕಡೆ ಮಂಗನ ಕಾಯಿಲೆ ಬಂದಾಗ, ಎಲ್ಲಿ ಮಂಗ ಸತ್ತು ಬಿದ್ದಿದೆ, ಯಾರಿಗೆ ಜ್ವರ, ಲಸಿಕೆ ಎಲ್ಲಿ ಹಾಕುತ್ತಿದ್ದಾರೆ, ಎಲ್ಲ ಗುಂಪಿನಲ್ಲೇ ಓಡಾಡಿತು. ಆ ಹೊತ್ತಿಗೆ ಜನ ಸೇರಿಸಿದೆವು. ಸೇರಿಸುತ್ತಾ ಹೋದೆವು. 2022ಕ್ಕೆ 180 ಜನ ಆಗಿದ್ದರು.

ಇದು ನನ್ನ ಮೊದಲ ತಪ್ಪು. ಆದರೆ ಆಗ ತಪ್ಪು ಅಂತ ಅನ್ನಿಸಲು ಕಾರಣವೇ ಇರಲಿಲ್ಲ. ಹೊಸಬರಿಗೆ ಅಟ್ಟ ಗೊತ್ತಿಲ್ಲ, ನಿಯಮ ಗೊತ್ತಿಲ್ಲ. ಹಪ್ಪಳದ ಕತೆ ಗೊತ್ತಿಲ್ಲ. ಮೇಷ್ಟ್ರು ಮತ್ತು ಭಾವ ಕಿತ್ತಾಡಿದರೆ ಹಳೆಯ ಹನ್ನೊಂದು ಜನಕ್ಕೆ ಅದು ಪ್ರಸಂಗ, ಉಳಿದವರಿಗೆ ಜಗಳ.

ಆ ರಾತ್ರಿ

2022ರ ಜುಲೈ 6ಕ್ಕೆ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಐದನೇ ಕರಡು ಅಧಿಸೂಚನೆ ಬಂತು. ನಮ್ಮ ಕಡೆ ಎಲ್ಲರೂ ಕಸ್ತೂರಿರಂಗನ್ ವರದಿ ಅಂತಲೇ ಕರೆಯುವುದು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್, ಊರೂರಿನ ಹೆಸರಿನ ಪಟ್ಟಿ. ಪಟ್ಟಿಯಲ್ಲಿ ತಮ್ಮ ಊರಿನ ಹೆಸರು ಕಂಡವರಿಗೆ ಎದೆ ಧಸಕ್ ಅನ್ನದೆ ಇರುತ್ತದಾ? ಊರು ಖಾಲಿ ಮಾಡಿಸುತ್ತಾರೆ, ತೋಟಕ್ಕೆ ಗೊಬ್ಬರ ಹಾಕಲು ಬಿಡುವುದಿಲ್ಲ ಅಂತ ಫಾರ್ವರ್ಡುಗಳು ಬರತೊಡಗಿದವು.

ಭಾವ ಕರಡನ್ನು ಪೂರ್ತಿ ಓದಿದ್ದರು. ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೆಂಪು ಪಟ್ಟಿಯ ಕೈಗಾರಿಕೆ, 20,000 ಚದರ ಮೀಟರ್ ಮೇಲಿನ ಕಟ್ಟಡ, ಇವಕ್ಕೆ ತಡೆ, ಅಡಿಕೆ ತೋಟಕ್ಕೆ ಏನೂ ಇಲ್ಲ ಅಂತ ಬರೆದರು. ಮೇಷ್ಟ್ರು ಬರೆದರು: "ಹಕ್ಕುಪತ್ರ ಇದ್ದವನಿಗೆ ಏನೂ ಇಲ್ಲ ಭಾವ. ಇಲ್ಲದವನಿಗೆ? ನಾಳೆ ಅರ್ಜಿ ಹಿಡ್ಕೊಂಡು ಹೋದ್ರೆ ಆ ಪಟ್ಟಿ ತೋರ್ಸಿ ವಾಪಸ್ ಕಳ್ಸಲ್ವಾ?"

ಇಬ್ಬರೂ ಹೇಳಿದ್ದು ಸರಿಯೇ. ಅಟ್ಟದಲ್ಲಾಗಿದ್ದರೆ ನಾಲ್ಕು ಶನಿವಾರ ನಡೆಯುವ ವಾದ. ಇಲ್ಲಿ ಎರಡು ಗಂಟೆಯಲ್ಲಿ 90 ಮೆಸೇಜ್ ಆದವು. ಇಬ್ಬರು ಮಾತಾಡುತ್ತಿದ್ದರೆ ನಡುವೆ ಹೊಸಬರು ಬಂದು ಚಪ್ಪಾಳೆ, ಹೆಬ್ಬೆರಳು, ನಗುವ ಮುಖ ಹಾಕುವುದು. ಕೋಳಿ ಅಂಕದಲ್ಲಿ ಸುತ್ತ ನಿಂತವರ ಹಾಗೆ. ರಾತ್ರಿ 10:52ಕ್ಕೆ ಭಾವ ಬರೆದರು: "ಕಾಡು ಕಡಿದು ಕೂತವರು ಕಾಡಿನ ವಿಷಯ ಮಾತಾಡುವಾಗ ಸ್ವಲ್ಪ ನೋಡ್ಕೊಂಡು ಮಾತಾಡ್ಬೇಕು ಮೇಷ್ಟ್ರೆ."

ಕೆಳಗೆ ಒಬ್ಬ ಹುಡುಗ ನಗುವ ಮುಖ ಹಾಕಿದ.

ಮೇಷ್ಟ್ರ ಉತ್ತರ ಐದು ನಿಮಿಷ ಬಿಟ್ಟು ಬಂತು. "ತಮ್ಮ ಅಭಿಪ್ರಾಯ ತಿಳಿಯಿತು. ಧನ್ಯವಾದಗಳು."

ಹದಿನಾರು ವರ್ಷದಲ್ಲಿ ಮೇಷ್ಟ್ರು ಭಾವನಿಗೆ ನೀನು ಬಿಟ್ಟು ಬೇರೆ ಮಾತಾಡಿದ್ದು ನಾವ್ಯಾರೂ ಕೇಳಿಲ್ಲ. ಬೈದರೂ ನೀನು, ಹಪ್ಪಳ ಎಸೆದಾಗಲೂ ನೀನು. ಆ "ತಮ್ಮ" ಓದಿದಾಗಲೇ ಹಳಬರಿಗೆ ಗೊತ್ತಾಯಿತು. ಅದರ ಕೆಳಗೇ ಅವರು ಗುಂಪು ಬಿಟ್ಟ ಸಾಲು. ಆಗಿನ್ನೂ ಯಾರು ಬಿಟ್ಟು ಹೋದರೂ ಎಲ್ಲರಿಗೂ ಕಾಣುತ್ತಿತ್ತು. 180 ಜನರ ಎದುರು ಎದ್ದು ಹೋದ ಹಾಗೆ.

ನಾನು ಅದನ್ನು ನೋಡಿದ್ದು 11:15ಕ್ಕೆ. ಮಳೆ, ಕರೆಂಟ್ ಇಲ್ಲ, ಫೋನಿನಲ್ಲಿ 9 ಪರ್ಸೆಂಟ್ ಚಾರ್ಜು. ಬೆಳಿಗ್ಗೆ ನೋಡೋಣ ಅಂತ ಮಲಗಿದೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳ ಮಾತು ಮಿತಿ ಮೀರುತ್ತಿದೆ ಅನ್ನಿಸಿದರೆ ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಎಷ್ಟೇ ದೊಡ್ಡ ಅರ್ಥಧಾರಿಯಾದರೂ ಪದ್ಯ ಬಂತು ಅಂದರೆ ನಿಲ್ಲಿಸಲೇಬೇಕು. ನಾನು ಪದ್ಯ ಎತ್ತಲಿಲ್ಲ.

ಏನೇನು ಮಾಡಿದೆವು

ಬೆಳಿಗ್ಗೆ ಎದ್ದು ಮೊದಲು ಮಾಡಿದ್ದು, ಮೇಷ್ಟ್ರನ್ನು ಕೇಳದೆ ಗುಂಪಿಗೆ ಮತ್ತೆ ಸೇರಿಸಿದ್ದು. ನಾಲ್ಕು ನಿಮಿಷಕ್ಕೆ ಮತ್ತೆ ಹೊರಗೆ. ಈಗ ಎರಡು ಸಲ ಬಿಟ್ಟು ಹೋದ ಹಾಗಾಯಿತು. ಸಿಟ್ಟಿನಲ್ಲಿ ಎದ್ದು ಹೋದವನನ್ನು ರಟ್ಟೆ ಹಿಡಿದು ಎಳೆದು ತಂದು ಕೂರಿಸಿದರೆ ಇನ್ನೇನಾಗುತ್ತದೆ?

ಆಮೇಲಿನದ್ದು ನಾನು ಮಾಡಿದ ಅತಿ ದೊಡ್ಡ ತಪ್ಪು. ಅದೇ ದಿನ 8 ಗಂಟೆಗೆ ಭಾವ ಫೋನ್ ಮಾಡಿದರು. ಜೀಪು ಹೊರಗೆ ತೆಗೆದಾಗಿತ್ತು. "ಹೋಗಿ ಬರ್ತೇನೆ, ಬೈಸ್ಕೊಂಡು ಬರ್ತೇನೆ" ಅಂದರು. ನಾನೇ ತಡೆದೆ. "ಎರಡು ದಿನ ಬಿಡಿ ಭಾವ, ಬಿಸಿ ಆರ್ಲಿ. ಮೊದ್ಲು ನಾವು ಹೋಗಿ ಮಾತಾಡ್ತೇವೆ" ಅಂದೆ. ದೊಡ್ಡ ಬುದ್ಧಿವಂತನ ಹಾಗೆ. ಆ ಎರಡು ದಿನ ಹನ್ನೊಂದು ತಿಂಗಳ ಮೌನವಾಯಿತು.

ನಾವು ಅಂದರೆ ನಾನು, ಔಷಧಿ ಅಂಗಡಿಯವರು, ಪೋಸ್ಟ್‌ಮ್ಯಾನ್. ಹೋದೆವು. ಮೇಷ್ಟ್ರ ಹೆಂಡತಿ, ನಾವು ಅಕ್ಕ ಅನ್ನುವುದು, ಕಾಫಿ, ಚಕ್ಕುಲಿ ಕೊಟ್ಟರು. ಮೇಷ್ಟ್ರು ಎಲ್ಲ ಮಾತಾಡಿದರು. ಮೊಮ್ಮಗಳ ಶಾಲೆ, ಅಡಿಕೆಯ ಎಲೆಚುಕ್ಕಿ ರೋಗ, ಹೊಸದಾಗಿ ಹಾಕಿದ ಕಾಳುಮೆಣಸಿನ ಬಳ್ಳಿ. ಗುಂಪಿನ ವಿಷಯ ತೆಗೆದ ಕೂಡಲೇ "ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ" ಅಂದರು, ನಗುತ್ತಲೇ. ನಾವು ಸರಿಹೋಯಿತು ಅಂದುಕೊಂಡು ಬಂದೆವು. ಮಲೆನಾಡಿನಲ್ಲಿ ಮನೆಗೆ ಬಂದವರ ಎದುರು ಯಾರೂ ಮುಖ ಗಂಟು ಹಾಕುವುದಿಲ್ಲ ಅನ್ನುವುದು ಗೊತ್ತಿದ್ದೂ.

ಮೂರನೆಯದು ಕ್ಷಮಾಪಣೆ. ಮೂವರು ಕೂತು ಒಂದು ಸಾಲು ತಯಾರು ಮಾಡಿ ಭಾವನಿಗೆ ಕೊಟ್ಟೆವು: "ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ." ಭಾವ ಓದಿ, "ಇದು ನನ್ನ ಭಾಷೆ ಅಲ್ಲ" ಅಂದರು. ಆದರೂ ಹಾಕಿದರು, ನಮ್ಮ ಒತ್ತಾಯಕ್ಕೆ. ಅದರ ಸ್ಕ್ರೀನ್‌ಶಾಟ್ ಯಾರೋ ಮೇಷ್ಟ್ರಿಗೆ ಕಳಿಸಿದರು. ಅವರು ನನಗೆ ಫೋನ್ ಮಾಡಿ ಒಂದೇ ಮಾತು ಹೇಳಿದರು. "ನಾನು ಯಾರಾದರೂ ಅಲ್ಲ ಮಾರಾಯ."

ಇಷ್ಟಾದ ಮೇಲೆ ನಾನು ಗುಂಪಿಗೆ ಒಂದು ನೋಟಿಸ್ ಹಾಕಿದೆ. ಇನ್ನು ಮುಂದೆ ವರದಿ, ಒತ್ತುವರಿ, ರಾಜಕೀಯ ಬೇಡ. ಗುಂಪು ಶಾಂತವಾಯಿತು. ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ಅಡಿಕೆ ಧಾರಣೆ, ರಾಶಿ ಇಡಿ ಎಷ್ಟು, ಬೆಟ್ಟೆ ಎಷ್ಟು. ಅಡಿಕೆ ಸುಲಿಯುವ ಯಂತ್ರದ ಜಾಹೀರಾತು. ಕಳೆದುಹೋದ ನಾಯಿ. ಯಾರೂ ಜಗಳ ಆಡಲಿಲ್ಲ. ನಾನು ಬೆನ್ನು ತಟ್ಟಿಕೊಂಡೆ. ಹಳೆಯ ಹನ್ನೊಂದರಲ್ಲಿ ನಾಲ್ವರು ಬರೆಯುವುದನ್ನೇ ನಿಲ್ಲಿಸಿದ್ದಾರೆ ಅಂತ ಗೊತ್ತಾಗಲು ಆರು ತಿಂಗಳು ಬೇಕಾಯಿತು. ಬಿಟ್ಟು ಹೋದವರು ಕಾಣುತ್ತಾರೆ, ಸುಮ್ಮನೆ ಕೂತವರು ಕಾಣುವುದಿಲ್ಲ.

ಮಳೆ ಲೆಕ್ಕವೂ ನಿಂತಿತ್ತು. ಅದರ ಬಗ್ಗೆ ಒಂದಿಬ್ಬರು ಕೇಳಿದರು, ಆಮೇಲೆ ಕೇಳುವುದೂ ನಿಂತಿತು.

ಮಳೆ ಲೆಕ್ಕ

2023ರಲ್ಲಿ ಮಳೆ ತಡ, ನೆನಪಿರಬಹುದು. ಜೂನ್ ಅರ್ಧ ಆದರೂ ಹಳ್ಳದಲ್ಲಿ ಸದ್ದಿಲ್ಲ. ಭಾವ ಮೇಷ್ಟ್ರ ನಂಬರಿಗೆ ನೇರವಾಗಿ ಒಂದು ಮೆಸೇಜ್ ಹಾಕಿದರು. ಕ್ಷಮೆ ಅಲ್ಲ, ವಿವರಣೆ ಅಲ್ಲ. "ಮೇಷ್ಟ್ರೆ, ಇವತ್ತು ಎಷ್ಟು?"

ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮರುದಿನ ಮತ್ತೆ ಅದೇ ಪ್ರಶ್ನೆ. ಮೂರನೇ ದಿನ 8:34ಕ್ಕೆ ಉತ್ತರ: "4. ಬರೆದಿಟ್ಟುಕೋ."

ಭಾವ ಆವತ್ತೇ ನನ್ನ ಅಂಗಡಿಗೆ ಬಂದು ಫೋನ್ ತೋರಿಸಿದರು. "ನೋಡು, ಬರೆದಿಟ್ಟುಕೊಳ್ಳಿ ಅಂದಿಲ್ಲ. ಬರೆದಿಟ್ಟುಕೋ ಅಂದಿದ್ದಾರೆ."

ಅಲ್ಲಿಂದ ಒಂದು ವರ್ಷ ಇಬ್ಬರ ನಡುವೆ ಅಂಕಿ ಮಾತ್ರ. ಮಳೆ ಇಲ್ಲದ ದಿನವೂ "0" ಬರುತ್ತಿತ್ತಂತೆ. ಭಾವ ಅದನ್ನು ಗುಂಪಿಗೆ ಹಾಕುತ್ತಿದ್ದರು, "ಮಳೆ: 4" ಅಂತ ಅಷ್ಟೇ. ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಹಳಬರಿಗೆ ಗೊತ್ತಿತ್ತು. ಜನವರಿಯಲ್ಲಿ ಅಡಿಕೆ ಕೊನೆ (ಗೊನೆ) ಕೊಯ್ಯುವವರು ಸಿಗದೆ ಮೇಷ್ಟ್ರಿಗೆ ತೊಂದರೆಯಾದಾಗ ಭಾವ ತಮ್ಮ ಕೊನೆಗಾರನನ್ನು ಕಳಿಸಿದರು. ತಾವು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂತ ನಾನು ಎಷ್ಟೋ ಸಲ ಕೇಳಿದ್ದೇನೆ. ಹೋದರೆ ಆ ವಿಷಯ ಬರುತ್ತದೆ, ಬಂದರೆ ತಾನು ಅಂದದ್ದು ತಪ್ಪು ಅಂತ ಹೇಳಬೇಕು, ಅಷ್ಟು ಹೇಳಲು ತನಗೆ ಮನಸ್ಸಿಲ್ಲ ಅಂದರು. ಹಟವೇ. ಇಬ್ಬರದ್ದೂ.

2024ರ ಜೂನ್ ಮೊದಲ ವಾರ ಮೇಷ್ಟ್ರೇ ಭಾವನಿಂದ ಲಿಂಕ್ ಕೇಳಿದರು. ಭಾವ ನನಗೆ ಹೇಳಿದರು. ಈ ಸಲ ನಾನು ಒಂದು ಸರಿಯಾದ ಕೆಲಸ ಮಾಡಿದೆ. ಹಳಬರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, ಸ್ವಾಗತ ಗೀಗತ ಯಾರೂ ಹಾಕಬೇಡಿ, ನಿನ್ನೆಯೂ ಇದ್ದರು ಅನ್ನುವ ಹಾಗೆ ಇರಿ ಅಂದೆ. ಮೇಷ್ಟ್ರು ಬಂದರು. 8:30ಕ್ಕೆ ಬರೆದರು, "31." ಒಬ್ಬರು ತಡೆಯಲಾರದೆ ಕೈ ಮುಗಿದ ಚಿತ್ರ ಹಾಕಿ ಒಂದೇ ನಿಮಿಷಕ್ಕೆ ಅಳಿಸಿದರು. ಇನ್ನೊಬ್ಬರು ಹೊಸಬರು, "ಅಂಕಲ್, ಇದು ಮಿಲಿಮೀಟರಾ ಇಂಚಾ?" ಅಂತ ಕೇಳಿದರು. ಮೇಷ್ಟ್ರು ಇಂಚಿನ ಲೆಕ್ಕ, ಸೆಂಟಿಮೀಟರಿನ ಲೆಕ್ಕ, ಆಗುಂಬೆಯವರು ಹಳೆಯ ಕಾಲದಲ್ಲಿ ಹೇಗೆ ಹೇಳುತ್ತಿದ್ದರು ಅಂತ ಅರ್ಧ ಪುಟ ಬರೆದರು. ಅಷ್ಟು ಉದ್ದದ ಮೆಸೇಜ್ ಓದಿ ನನಗೆ ಖುಷಿಯಾದದ್ದು ಅದೊಂದೇ ಸಲ.

ಆ ಜುಲೈಯಲ್ಲಿ ಮಳೆ ಹೇಗೆ ಹೊಡೆಯಿತು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಶಾಲೆಗೆ ರಜೆ, ರಸ್ತೆಗೆ ಮರ, ದಿನಕ್ಕೊಂದು ಧರೆ ಕುಸಿತ. ಗುಂಪಿನಲ್ಲಿ ದಿನಾ ದೊಡ್ಡ ದೊಡ್ಡ ಅಂಕಿ. ಒಂದು ಬೆಳಿಗ್ಗೆ 8:30ಕ್ಕೆ ಅಂಕಿ ಬರಲಿಲ್ಲ. ನೆಟ್‌ವರ್ಕ್ ಇಲ್ಲ ಅಂದುಕೊಂಡೆವು. 9:10ಕ್ಕೆ ಭಾವ ಬರೆದರು, "ಮೇಷ್ಟ್ರೆ?"

ಬೆಳಗಿನ ಜಾವ ಎದೆನೋವು. ಶಿವಮೊಗ್ಗದ ದಾರಿಯಲ್ಲೇ ಹೋಗಿಬಿಟ್ಟಿದ್ದರು.

ಭಾವ ಆ ಮನೆಗೆ ಎರಡು ವರ್ಷದ ನಂತರ ಹೋದದ್ದು ಆವತ್ತು. ಅದರ ಬಗ್ಗೆ ನಾನು ಬರೆಯುವುದಿಲ್ಲ. ಗುಂಪಿನಲ್ಲಿ ಓಂ ಶಾಂತಿ ಅಂತ ನೂರಕ್ಕೂ ಜಾಸ್ತಿ ಬಂದವು. ಅತಿ ಉದ್ದದ್ದು, ಅತಿ ಚಂದದ್ದು ಬರೆದವನು ಆ ರಾತ್ರಿ ನಗುವ ಮುಖ ಹಾಕಿದ ಹುಡುಗ. ಅವನಿಗೆ ಅದು ನೆನಪೇ ಇರಲಿಲ್ಲ. ನಾನು ನೆನಪಿಸಲಿಲ್ಲ.

ಶನಿವಾರ 6 ಗಂಟೆಗೆ

ಅದೇ ಜುಲೈ 31ಕ್ಕೆ ಆರನೇ ಕರಡು ಅಧಿಸೂಚನೆ ಬಂತು. ಅದೇ ಪಟ್ಟಿ, ಅದೇ ಭಯ. ಗುಂಪಿನಲ್ಲಿ ಯಾರೂ ಬಾಯಿ ಬಿಡಲಿಲ್ಲ, ನನ್ನ ನೋಟಿಸ್ ಇತ್ತಲ್ಲ. ಭಾವ ಫೋನ್ ಮಾಡಿ "ಆ ನಿಷೇಧ ತೆಗಿ" ಅಂದರು. ಬೇಡ ಭಾವ, ಮೇಷ್ಟ್ರು ಹೋಗಿ ತಿಂಗಳೂ ಆಗಿಲ್ಲ ಅಂದೆ. "ಅದಕ್ಕೇ ತೆಗಿ."

ಆಗಸ್ಟ್ 3, ಶನಿವಾರ. ಸಂಜೆ 6 ಗಂಟೆಗೆ ಭಾವ ಒಂದು ಉದ್ದ ಬರಹ ಹಾಕಿದರು. ಮೊದಲ ಸಾಲು, "ಇದು ಮೇಷ್ಟ್ರ ಮಾತು. ನಾನು ಹೇಳುತ್ತಿದ್ದೇನೆ." ಕರೆಂಟಿಗೆಂದು ಊರು ಮುಳುಗಿಸಿದರು, ಮುಳುಗಿದವರ ಹೊಸ ಮನೆಗೆ ಕರೆಂಟ್ ಬರಲು ಎಷ್ಟೋ ವರ್ಷ ಬೇಕಾಯಿತು. ಇಲ್ಲಿ ಕೂರಿ ಅಂತ ಸರ್ಕಾರವೇ ತೋರಿಸಿದ ಜಾಗದಲ್ಲಿ ಕೂತವರು ಕಳ್ಳರಾದರು. ಕಾಡು ಉಳಿಯಬೇಕು, ಬೇಡ ಅಂದವರು ಯಾರು? ಆದರೆ ಮೊದಲು ಕಾಗದ ಕೊಡಿ, ಆಮೇಲೆ ಪಟ್ಟಿ ಮಾಡಿ. ಕಾಗದ ಇಲ್ಲದವನ ಊರಿನ ಹೆಸರು ಪಟ್ಟಿಗೆ ಸೇರಿದರೆ ಅವನು ಎರಡನೇ ಸಲ ಮುಳುಗಿದ ಹಾಗೆ. ಹೀಗೆ ಹೋಗಿತ್ತು. ನೀರು ಕಡಿಮೆಯಾದ ಒಂದು ಬೇಸಿಗೆಯಲ್ಲಿ ಮೇಷ್ಟ್ರು ನಮ್ಮನ್ನೆಲ್ಲ ಮಡೆನೂರಿನ ಹಳೇ ಅಣೆಕಟ್ಟು ತೋರಿಸಲು ಕರೆದುಕೊಂಡು ಹೋಗಿದ್ದರು. ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿದ ಅಣೆಕಟ್ಟು ಅದು, ಈಗ ಲಿಂಗನಮಕ್ಕಿಯ ಹಿನ್ನೀರಿನಲ್ಲೇ ಮುಳುಗಿರುತ್ತದೆ, ನೀರು ಇಳಿದಾಗ ಮಾತ್ರ ಮೇಲೆ ಬರುತ್ತದೆ. ಆವತ್ತು ಅದರ ಮೇಲೆ ನಿಂತು ಮೇಷ್ಟ್ರು "ನೋಡಿ, ಇವರು ಅಣೆಕಟ್ಟನ್ನೂ ಬಿಡ್ಲಿಲ್ಲ" ಅಂದಿದ್ದರು. ಆ ಮಾತನ್ನೂ ಭಾವ ಬಿಟ್ಟಿರಲಿಲ್ಲ.

ಅಕ್ಕನಿಗೆ ಯಾರೋ ಅದನ್ನು ಓದಿ ಹೇಳಿದರಂತೆ. ಆಮೇಲೆ ಸಿಕ್ಕಾಗ ನನಗೆ ಹೇಳಿದರು, "ಇವರೇ ಬರೆದ ಹಾಗಿತ್ತು. ಕಾಗುಣಿತ ಮಾತ್ರ ತಪ್ಪಂತೆ."

ಮರುದಿನ ಭಾವ ತಮ್ಮ ಮಾತು ಹಾಕಿದರು. 2022ರಲ್ಲಿ ಹೇಳಿದ್ದೇ. ಒಂದಿಂಚೂ ಬದಲಾಗಿರಲಿಲ್ಲ.

ನವೆಂಬರ್ ಮೂರನೇ ವಾರ ನನ್ನ ಫೋನಿನಲ್ಲಿ ಒಂದು ಸಾಲು ಕಂಡಿತು. ಮೇಷ್ಟ್ರು ಗುಂಪು ಬಿಟ್ಟರು ಅಂತ. ಎದೆ ಹಾರಿತು. ಆಮೇಲೆ ತಿಳಿಯಿತು, ಸುಮಾರು 120 ದಿನ ಬಳಸದ ವಾಟ್ಸಾಪ್ ಖಾತೆ ತಾನಾಗೇ ಅಳಿಸಿ ಹೋಗುತ್ತದೆ, ಅವರ ಸಿಮ್ಮಿಗೂ ಯಾರೂ ರೀಚಾರ್ಜ್ ಮಾಡಿರಲಿಲ್ಲ. 2022ರ ಆಗಸ್ಟಿನಲ್ಲಿ ವಾಟ್ಸಾಪ್ ನಿಯಮ ಬದಲಿಸಿದ ಮೇಲೆ ಬಿಟ್ಟು ಹೋಗುವವರ ಸಾಲು ಅಡ್ಮಿನ್‌ಗಳಿಗೆ ಮಾತ್ರ ಕಾಣುವುದು. ಹಾಗಾಗಿ ಅದನ್ನು ನೋಡಿದವನು ನಾನೊಬ್ಬನೇ. ಏನು ಮಾಡುವುದು ಗೊತ್ತಾಗದೆ ಭಾವನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೋಗ್ಲಿ ಬಿಡು, ಈ ಸಲ ಸಿಟ್ಟಿಲ್ಲ."

ಈಗ ಹಿಂತಿರುಗಿ ನೋಡಿದರೆ

ಬಿಟ್ಟ ಸಿಮ್ಮಿನ ನಂಬರ್ 90 ದಿನ ಕಳೆದ ಮೇಲೆ ಬೇರೆಯವರಿಗೆ ಸಿಗಬಹುದು. ಅದಕ್ಕೇ ಗುಂಪಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರಿಗೆ ಒಂದಷ್ಟು ದಿನ ಆ ಸಿಮ್ಮಿಗೆ ರೀಚಾರ್ಜ್ ಮಾಡಲು ಹೇಳಿ, ಫೋಟೋ, ಲೆಕ್ಕ ಇದ್ದರೆ ತೆಗೆದಿಟ್ಟುಕೊಳ್ಳಲು ಹೇಳಿ. ಮೇಷ್ಟ್ರ ಮಳೆ ಲೆಕ್ಕ ನೋಟ್‌ಬುಕ್ಕಿನಲ್ಲಿತ್ತು, ಉಳಿಯಿತು. ಎಲ್ಲರದ್ದೂ ಹಾಗಿರುವುದಿಲ್ಲ.

ಉಳಿದದ್ದು ಇಷ್ಟು ಸುಲಭದ್ದಲ್ಲ. ವಾದ ಜಾಸ್ತಿ ಆದದ್ದರಿಂದ ಸ್ನೇಹ ಹಾಳಾಯಿತು ಅಂತ ನಾನು ಎರಡು ವರ್ಷ ನಂಬಿದ್ದೆ, ಅದಕ್ಕೇ ನಿಷೇಧ ಹಾಕಿದ್ದು. ಈಗ ಹಾಗನ್ನಿಸುವುದಿಲ್ಲ. 2012ರಲ್ಲಿ ಹಪ್ಪಳ ಎಸೆದ ರಾತ್ರಿಗೂ 2022ರ ರಾತ್ರಿಗೂ ಮಾತಿನ ಖಾರದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಅಟ್ಟಕ್ಕೆ ನಿಯಮ ಇತ್ತು ಅಂತ ನಾವೆಲ್ಲ ಹೆಮ್ಮೆಪಡುತ್ತಿದ್ದೆವು, ಫೋನಿಗೂ ಅದೇ ನಿಯಮವನ್ನು ಟೈಪ್ ಮಾಡಿ ಮೇಲೆ ಅಂಟಿಸಿದ್ದೆವು ಕೂಡ. ಕೆಲಸ ಮಾಡಿದ್ದು ನಿಯಮ ಅಲ್ಲ, ಸ್ಕೂಟರ್. ವಾದ ಮುಗಿದ ಮೇಲೆ ಅದೇ ಮನುಷ್ಯನ ಬೆನ್ನ ಹಿಂದೆ ಕೂತು 9 ಕಿಲೋಮೀಟರ್ ಹೋಗಲೇಬೇಕು ಅನ್ನುವ ಅನಿವಾರ್ಯ. ಫೋನಿಗೆ ಬಂದಾಗ ನಿಯಮ ತಂದೆವು, ಸ್ಕೂಟರ್ ಬಿಟ್ಟು ಬಂದೆವು. ಮರುದಿನ ಭಾವ ತಾವಾಗೇ ಜೀಪು ತೆಗೆದರೆ ಅದನ್ನೂ ನಾನು ನಿಲ್ಲಿಸಿದೆ.

ಇದನ್ನು ಗುಂಪಿನಲ್ಲಿ ಎಲ್ಲರೂ ಒಪ್ಪುವುದಿಲ್ಲ. ಔಷಧಿ ಅಂಗಡಿಯವರು ಈಗಲೂ ನಿಷೇಧ ಇರಬೇಕಿತ್ತು ಅನ್ನುತ್ತಾರೆ. 180 ಜನರ ನಡುವೆ ಒತ್ತುವರಿಯ ಮಾತು ಬಂದರೆ ನಾಳೆ ಯಾರೋ ಯಾರ ಮೇಲೋ ಅರ್ಜಿ ಹಾಕುತ್ತಾರೆ, ಆಗ ನೀನು ಜವಾಬ್ದಾರನಾ ಅಂತ ಕೇಳುತ್ತಾರೆ. ಅವರ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಭಾವ ತಿದ್ದಿಸಿದ್ದೂ ಇಲ್ಲೇ. ನಾನು ಮೊದಲು "ಭಾವ ತಪ್ಪು ಮಾತಾಡಿದರು" ಅಂತ ಬರೆದಿದ್ದೆ. ಅವರು ಅದನ್ನು ಹೊಡೆದು ಹಾಕಿಸಿದರು: "ಮಾತು ತಪ್ಪೋ ಸರಿಯೋ ಅದು ಬೇರೆ. ಆ ಮಾತನ್ನ ಮೇಷ್ಟ್ರಿಗೆ ಹೇಳ್ಬಹುದಿತ್ತು. 180 ಜನಕ್ಕೆ ಹೇಳ್ಬಾರ್ದಿತ್ತು."

ಈಗ ತಿಂಗಳ ಮೊದಲ ಶನಿವಾರ ಔಷಧಿ ಅಂಗಡಿಯ ಮಹಡಿಯಲ್ಲಿ ಸೇರುತ್ತೇವೆ, ಹತ್ತು ಹನ್ನೆರಡು ಜನ ಬರುತ್ತಾರೆ. ಒಂದೇ ದಾರಿಯವರು ಒಂದೇ ಗಾಡಿಯಲ್ಲಿ ಬರಬೇಕು ಅಂತ ಮಾಡಿದ್ದೇವೆ. ರಾತ್ರಿ 9ರ ಮೇಲೆ ಗುಂಪಿನಲ್ಲಿ ಮಾತು ಬಿಸಿಯಾದರೆ ಹಳಬರಲ್ಲಿ ಯಾರಾದರೊಬ್ಬರು "ಪದ್ಯ" ಅಂತ ಬರೆಯುತ್ತಾರೆ, ಬೆಳಿಗ್ಗೆವರೆಗೆ ನಿಲ್ಲಿಸಬೇಕು. ಹೊಸ ಹುಡುಗರಿಗೆ ಇದು ತಮಾಷೆ, ಸುಮ್ಸುಮ್ನೆ "ಪದ್ಯ ಪದ್ಯ" ಅಂತ ಹಾಕುತ್ತಾರೆ. ಆದರೂ ನಿಲ್ಲುತ್ತದೆ. ಯಾರಾದರೂ ಗುಂಪು ಬಿಟ್ಟರೆ ಅವರ ಮನೆಗೆ ಹತ್ತಿರದವರು ಅದೇ ದಿನ ಹೋಗಬೇಕು. ಜಗಳ ಆಡಿದವರೇ ಹತ್ತಿರದವರಾದರೆ ಅವರೇ ಹೋಗಬೇಕು. ಫೋನ್ ಸಾಲದು.

ಹೋದ ವರ್ಷದ ಮಳೆಗಾಲದಲ್ಲಿ ಒಬ್ಬರು ಬಿಟ್ಟದ್ದು ಕಂಡಿತು. ಹಿಂದಿನ ದಿನ ಅವರಿಗೂ ಇನ್ನೊಬ್ಬರಿಗೂ ಎಲೆಚುಕ್ಕಿ ಮದ್ದಿನ ವಿಷಯಕ್ಕೆ ಸ್ವಲ್ಪ ಮಾತಾಗಿತ್ತು. ಹತ್ತಿರದವರು ಯಾರೂ ಸಿಗಲಿಲ್ಲ, ನಾನೇ ಹೊರಟೆ. 14 ಕಿಲೋಮೀಟರ್, ಅರ್ಧ ದಾರಿ ಮಣ್ಣು ರಸ್ತೆ, ರೇನ್‌ಕೋಟಿನೊಳಗೆ ನೀರು. ಏನು ಮಾತಾಡಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಅವರು ಜಗಲಿಯಲ್ಲಿ ಕೂತು ಕಳೆ ಕತ್ತರಿಸುವ ಯಂತ್ರ ಬಿಚ್ಚುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾಗಿ ಎದ್ದು ನಿಂತರು.

"ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ. ನೀವು ಗುಂಪು ಬಿಟ್ರಲ್ಲ..."

"ಅದಾ? ಫೋನ್ ಮೆಮರಿ ಫುಲ್ ಆಗಿತ್ತು ಮಾರಾಯ್ರೆ. ಮಗ ಏನೋ ಅಳಿಸ್ತಾ ಇದ್ದ." ಒಳಗೆ ತಿರುಗಿ ಕೂಗಿದರು, "ಏಯ್, ಎರಡು ಲೋಟ ಕಷಾಯ ಇಡೇ, ಇವರು ಪೂರ್ತಿ ಒದ್ದೆ ಆಗಿದ್ದಾರೆ."